ಹೇಳಿಕೆ ಸಿಕ್ಕಿತು, ಆದೇಶ ಎಲ್ಲಿ?

2025ರ ಮೇ 20ಕ್ಕೆ ಸಿದ್ದರಾಮಯ್ಯನವರ ಸರಕಾರಕ್ಕೆ ಎರಡು ವರ್ಷ ತುಂಬಿತು. ಹೊಸಪೇಟೆಯಲ್ಲಿ ದೊಡ್ಡ ಸಮಾವೇಶ ನಡೆಯಿತು, ಸಾಧನೆಗಳ ಪಟ್ಟಿ ಓದಿದರು, ಚಪ್ಪಾಳೆ ಬಿತ್ತು. ಅದಾಗಿ ಒಂಬತ್ತೇ ದಿನಕ್ಕೆ, ಮೇ 29ರಂದು, ಮಂಗಳೂರಿನಲ್ಲಿ ಮತ್ತೊಂದು ಸಭೆ ಸೇರಿತು. ಕಾಂಗ್ರೆಸ್ಸಿಗಾಗಿ ಮನೆಮನೆ ತಿರುಗಿದ ನಮ್ಮದೇ ಮುಖಂಡರು ಅಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹುದ್ದೆಗೆ ರಾಜೀನಾಮೆ ಘೋಷಿಸಿದರು. ಅದಕ್ಕೆ ಎರಡು ದಿನ ಮೊದಲು ಬಂಟ್ವಾಳದ ಕೊಳತ್ತಮಜಲಿನ ಯುವಕನೊಬ್ಬನನ್ನು, ಪಿಕಪ್‌ನಿಂದ ಮರಳು ಇಳಿಸುತ್ತಿದ್ದಾಗ ಕಡಿದು ಕೊಂದಿದ್ದರು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಎಪ್ರಿಲ್ 27ರಂದು, ಕುಡುಪುವಿನ ಕ್ರಿಕೆಟ್ ಆಟದ ಬಯಲಿನಲ್ಲಿ ವಯನಾಡು ಮೂಲದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತ್ತು.

ರಾಜೀನಾಮೆ ಕೊಟ್ಟವರಲ್ಲಿ ಎಷ್ಟು ಜನ ಹೊರಗೆ ಉಳಿಯುತ್ತಾರೆ, ಎಷ್ಟು ಜನ ಒಳಗೆ ಹೋಗುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ನಮಗೆ ಬೇಕಾದ್ದು ಬೇರೆ ಲೆಕ್ಕ. 2023ರ ಮೇಯಲ್ಲಿ ಬಿಸಿಲಲ್ಲಿ ಸಾಲು ನಿಂತು ಓಟು ಹಾಕಿದ ನಮ್ಮ ಉಮ್ಮಂದಿರಿಗೆ, ಮಕ್ಕಳಿಗೆ ಈ ಮುಖ್ಯಮಂತ್ರಿ ಏನು ಹೇಳಿದ್ದರು, ಏನು ಕೊಟ್ಟರು?

ಕೊಟ್ಟದ್ದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಮನೆಗಳಿಗೂ ಬಂದಿದೆ. ಕೆಲವು ತಿಂಗಳು ತಡವಾಗಿದೆ, ಆದರೂ ಬಂದಿದೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಯಾರ ಧರ್ಮವನ್ನೂ ಕೇಳುವುದಿಲ್ಲ. (ಖಾಸಗಿ ಬಸ್ಸುಗಳದ್ದೇ ರಾಜ್ಯವಾಗಿರುವ ನಮ್ಮ ಕರಾವಳಿಯಲ್ಲಿ ಆ ಯೋಜನೆಯ ಉಪಯೋಗ ಅರ್ಧಕ್ಕರ್ಧ ಅಷ್ಟೆ, ಅದು ಬೇರೆ ಮಾತು.) 2022ರ ಜುಲೈಯಲ್ಲಿ ಹತ್ತು ದಿನದೊಳಗೆ ಈ ಜಿಲ್ಲೆಯಲ್ಲಿ ಮೂವರು ಯುವಕರ ಕೊಲೆಯಾದಾಗ ಅಂದಿನ ಮುಖ್ಯಮಂತ್ರಿ ಒಂದು ಮನೆಗೆ ಮಾತ್ರ ಹೋಗಿ ಬಂದದ್ದು ಯಾರೂ ಮರೆತಿಲ್ಲ. ಆಗ ಬಿಟ್ಟುಹೋದ ಮನೆಯವರನ್ನು ಕರೆದು, 2023ರ ಜೂನ್‌ನಲ್ಲಿ ತಲಾ 25 ಲಕ್ಷ ರೂಪಾಯಿಯ ಚೆಕ್ ಕೊಟ್ಟವರು ಸಿದ್ದರಾಮಯ್ಯ. ಹಣದಿಂದ ಹೋದ ಮಗ ಬರುವುದಿಲ್ಲ, ಸರಿ. ಆದರೆ ಸರಕಾರದ ಕಣ್ಣಿಗೆ ಆ ಜೀವವೂ ಜೀವವೇ ಎಂದು ಅಂದು ಗೊತ್ತಾಯಿತು.

ಹೀಗೆ ಎಲ್ಲರಿಗೂ ಒಟ್ಟಿಗೆ ಕೊಡುವುದರಲ್ಲಿ ಈ ಸರಕಾರ ತಕ್ಕಮಟ್ಟಿಗೆ ಮಾತು ಉಳಿಸಿಕೊಂಡಿದೆ. ನಮ್ಮ ಹೆಸರು ಹಿಡಿದು ಕೊಟ್ಟ ಮಾತುಗಳ ಕಥೆಯೇ ಬೇರೆ.

ಹಿಜಾಬ್‌ನ ವಿಷಯ ತೆಗೆದುಕೊಳ್ಳಿ. ಬಿಜೆಪಿ ಸರಕಾರ ಮಾಡಿದ ಅನ್ಯಾಯದ, ಜನವಿರೋಧಿ ಕಾನೂನುಗಳನ್ನೆಲ್ಲ ಅಧಿಕಾರಕ್ಕೆ ಬಂದ ಒಂದು ವರ್ಷದೊಳಗೆ ತೆಗೆಯುತ್ತೇವೆ ಎಂದು 2023ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಹೇಳಿತ್ತು. ಅಧಿಕಾರಕ್ಕೆ ಬಂದು ಏಳು ತಿಂಗಳಾಗಿತ್ತು. 2023ರ ಡಿಸೆಂಬರ್ 22ರಂದು ನಂಜನಗೂಡು ತಾಲೂಕಿನ ಕವಲಂದೆಯ ಕಾರ್ಯಕ್ರಮದಲ್ಲಿ ಮುಖ್ಯಮಂತ್ರಿಗಳು, ಹಿಜಾಬ್ ನಿಷೇಧ ವಾಪಸ್ ಪಡೆಯಲು ಹೇಳಿದ್ದೇನೆ, ಯಾರು ಯಾವ ಬಟ್ಟೆ ಬೇಕಾದರೂ ಹಾಕಿಕೊಳ್ಳಲಿ ಎಂದರು. ಆ ರಾತ್ರಿ ನಮ್ಮ ಎಷ್ಟು ಮನೆಗಳಲ್ಲಿ ಆ ವೀಡಿಯೊ ಓಡಿತು! ದುಬೈ, ಜುಬೈಲ್‌ನಿಂದ ಬಾಪಂದಿರು ಮನೆಗೆ ಫೋನ್ ಮಾಡಿದರು. ಮರುದಿನ ಮೈಸೂರಿನಲ್ಲಿ ಅದೇ ಮುಖ್ಯಮಂತ್ರಿಗಳು, ಇನ್ನೂ ವಾಪಸ್ ಪಡೆದಿಲ್ಲ, ಯಾರೋ ಕೇಳಿದ್ದಕ್ಕೆ ಹೇಳಿದೆ, ಸರಕಾರದ ಮಟ್ಟದಲ್ಲಿ ಚರ್ಚಿಸಿ ತೀರ್ಮಾನ ಮಾಡುತ್ತೇವೆ ಎಂದರು.

2025ರ ಜೂನ್‌ಗೆ ಒಂದೂವರೆ ವರ್ಷವಾಗಿತ್ತು. ಆ ಚರ್ಚೆ ಎಲ್ಲಿ ನಡೆಯುತ್ತಿದೆ ಎಂದು ತಿಳಿದವರು ಹೇಳಲಿ. ನಮ್ಮಲ್ಲಿ ಕೆಲವರು ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ‘ಇನ್‌ಶಾ ಅಲ್ಲಾಹ್’ ಎಂದು ಹೇಳಿ ಜಾರಿಕೊಳ್ಳುವುದುಂಟು. ಅದು ಆ ಪವಿತ್ರ ಮಾತಿಗೆ ಮಾಡುವ ಅನ್ಯಾಯ. ವಿಧಾನಸೌಧದಲ್ಲಿ ಅದೇ ಕೆಲಸಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಮಾತು ಬಳಕೆಯಲ್ಲಿದೆ.

ವಿಷಯ ಸುಪ್ರೀಂ ಕೋರ್ಟಿನಲ್ಲಿದೆಯಲ್ಲ, ಸರಕಾರ ಏನು ಮಾಡಲಿಕ್ಕೆ ಆಗ್ತದೆ ಎಂದು ಪಕ್ಷದ ನಮ್ಮ ಸ್ನೇಹಿತರು ಕೇಳುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 2022ರ ಫೆಬ್ರವರಿ 5ರಂದು ಹೊರಬಿದ್ದದ್ದು ಶಾಸನಸಭೆ ಮಾಡಿದ ಕಾಯ್ದೆಯಲ್ಲ, ಶಿಕ್ಷಣ ಇಲಾಖೆಯ ಒಂದು ಆದೇಶ. ಹೈಕೋರ್ಟ್ ಅದೇ ವರ್ಷ ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠಕ್ಕೆ ಹೋಗಬೇಕಾಯಿತು, ಅಲ್ಲೇ ಉಳಿದಿದೆ. ಇಂತಹ ಆದೇಶ ಮಾಡಬಹುದೇ ಎಂಬುದು ಕೋರ್ಟಿನ ಮುಂದಿರುವ ಪ್ರಶ್ನೆ. ಆದೇಶ ಇರಲೇಬೇಕು ಎಂದು ಯಾವ ಕೋರ್ಟೂ ಹೇಳಿಲ್ಲ. ತಾನು ಮಾಡಿದ ಆದೇಶವನ್ನು ಸರಕಾರ ಹಿಂದಕ್ಕೆ ಪಡೆಯಲು ಒಂದು ಹಾಳೆ ಮತ್ತು ಒಂದು ಸಹಿ ಸಾಕು.

ಇನ್ನೂ ಒಂದು ವಿಷಯವಿದೆ. ನಮ್ಮಲ್ಲಿ ಇದನ್ನು ಗಮನಿಸಿದವರು ಕಡಿಮೆ. ನಾಳೆಯೇ ಆ ಆದೇಶವನ್ನು ವಾಪಸ್ ಪಡೆದರು ಎಂದಿಟ್ಟುಕೊಳ್ಳಿ. ಆಗ ಏನಾಗುತ್ತದೆ? ಸಮವಸ್ತ್ರ ಹೇಗಿರಬೇಕು ಎಂಬ ತೀರ್ಮಾನ ಕಾಲೇಜು ಅಭಿವೃದ್ಧಿ ಸಮಿತಿಯ ಕೈಯಲ್ಲೇ ಉಳಿಯುತ್ತದೆ. ಸರಕಾರಿ ಪಿಯು ಕಾಲೇಜಿನಲ್ಲಿ ಆ ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರು. 2014ರ ಸುತ್ತೋಲೆಯಲ್ಲಿ ಆ ವ್ಯವಸ್ಥೆ ಬಂತು, ಆಗಲೂ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಉಡುಪಿ ಜಿಲ್ಲೆಯಲ್ಲಿ ಐದಕ್ಕೆ ಐದು, ದಕ್ಷಿಣ ಕನ್ನಡದಲ್ಲಿ ಎಂಟಕ್ಕೆ ಆರು ಕ್ಷೇತ್ರಗಳನ್ನು 2023ರಲ್ಲಿ ಗೆದ್ದದ್ದು ಬಿಜೆಪಿ. ಅಂದರೆ ಬರೀ ವಾಪಸ್ ಪಡೆದರೆ ನಮ್ಮ ಮಗಳು ಉಡುಪಿಯ ಬಾಲಕಿಯರ ಕಾಲೇಜಿನ ಗೇಟಿನಲ್ಲಿ 2022ರಲ್ಲಿ ನಿಂತ ಜಾಗದಲ್ಲೇ ನಿಲ್ಲುತ್ತಾಳೆ. ಸಮವಸ್ತ್ರದ ಬಣ್ಣದ ಶಾಲನ್ನು ತಲೆಗೆ ಹೊದೆಯಲು ಯಾವ ಸರಕಾರಿ ಕಾಲೇಜಿನಲ್ಲೂ ಅಡ್ಡಿ ಇಲ್ಲ ಎಂದು ಸ್ಪಷ್ಟವಾಗಿ ಹೇಳುವ ಹೊಸ ಆದೇಶ ಬೇಕು. ನಂಜನಗೂಡಿನ ಮಾತು ಅಷ್ಟು ದೂರ ಹೋಗಿರಲೇ ಇಲ್ಲ. ನಾವೂ ಅದನ್ನು ಕೇಳಲಿಲ್ಲ, ವೀಡಿಯೊ ಹಂಚಿ ಸುಮ್ಮನಾದೆವು.

2022ರ ಫೆಬ್ರವರಿಯಲ್ಲಿ ಎಂಟನೇ ತರಗತಿಯಲ್ಲಿದ್ದ ಹುಡುಗಿ 2025ರ ಜೂನ್‌ನಲ್ಲಿ ದ್ವಿತೀಯ ಪಿಯುಸಿಗೆ ಬಂದಳು. ಅವಳ ಮುಂದಿದ್ದ ಅಕ್ಕಂದಿರಲ್ಲಿ ಕೆಲವರು ಫೀಸು ತೆತ್ತು ನಮ್ಮವರ ಖಾಸಗಿ ಕಾಲೇಜಿಗೆ ಹೋದರು. ಕೆಲವರು ದಿನಾ ಬೆಳಗ್ಗೆ ಗೇಟಿನ ಬಳಿ ಶಾಲು ತೆಗೆದು, ಮಡಚಿ, ಬ್ಯಾಗಿಗೆ ಹಾಕಿ ಒಳಗೆ ಹೋದರು, ಈಗಲೂ ಹೋಗುತ್ತಿದ್ದಾರೆ. ಕೆಲವರು ಮನೆಯಲ್ಲಿ ಉಳಿದರು, ಮದುವೆಯೂ ಆಯಿತು. ಫೀಸಿಗೆ ದಾರಿ ಇಲ್ಲದ, ಬೀಡಿ ಕಟ್ಟಿ ಬದುಕುವ ಮನೆಗಳ ಹುಡುಗಿಯರೇ ಹೀಗೆ ಉಳಿದದ್ದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಜೀವದ ವಿಷಯಕ್ಕೆ ಬರೋಣ. 2023ರ ಜೂನ್‌ನಲ್ಲಿ, ಸರಕಾರ ಬಂದು ಮೂರು ವಾರವೂ ಆಗಿರಲಿಲ್ಲ, ಗೃಹ ಸಚಿವ ಪರಮೇಶ್ವರ್ ಮಂಗಳೂರಿಗೆ ಬಂದು ಇಲ್ಲಿನ ಪೊಲೀಸ್ ಕಮಿಷನರೇಟ್‌ನಲ್ಲಿ ಕೋಮು ನಿಗ್ರಹ ದಳ ಮಾಡುತ್ತೇವೆ ಎಂದು ಘೋಷಿಸಿದರು. ನೈತಿಕ ಪೊಲೀಸ್‌ಗಿರಿ ಇನ್ನು ನಡೆಯುವುದಿಲ್ಲ ಎಂದರು. ನಾವು ಸ್ವಾಗತಿಸಿದೆವು. 2025ರ ಮೇ ಒಂದರಂದು ಬಜ್ಪೆಯಲ್ಲಿ ಇನ್ನೊಂದು ಕೊಲೆಯಾದ ಮೇಲೆ ಗೃಹ ಸಚಿವರು ಮತ್ತೆ ಬಂದರು, ಕೋಮು ನಿಗ್ರಹಕ್ಕೆ ವಿಶೇಷ ಪಡೆ ಎಂದು ಮತ್ತೆ ಘೋಷಿಸಿದರು. ಮೊದಲ ಘೋಷಣೆಯ ಬಗ್ಗೆ ಒಂದು ಮಾತಿಲ್ಲ! ಎರಡು ವರ್ಷದಲ್ಲಿ ಆ ದಳ ಎಷ್ಟು ಪ್ರಕರಣ ಹಿಡಿಯಿತು, ಎಷ್ಟಕ್ಕೆ ಚಾರ್ಜ್‌ಶೀಟ್ ಹಾಕಿತು ಎಂದು ಹೇಳಿ ಹೊಸದನ್ನು ಕಟ್ಟಿದ್ದರೆ ನಂಬಿಕೆ ಬರುತ್ತಿತ್ತು. ಹಳೆ ಅಂಗಡಿಯ ಲೆಕ್ಕ ಮುಚ್ಚದೆ ಪಕ್ಕದಲ್ಲಿ ಹೊಸ ಅಂಗಡಿ ತೆರೆದರೆ ನಮ್ಮ ವ್ಯಾಪಾರಿಗಳು ಸಾಲ ಕೊಡುತ್ತಾರೆಯೇ?

ಈ ಸಲ ಕಾಗದವಾದರೂ ಆಗಿದೆ ಎಂಬುದನ್ನು ಒಪ್ಪುತ್ತೇವೆ. ಮೇ 28ಕ್ಕೆ ಆದೇಶ ಬಂತು, ನಕ್ಸಲ್ ನಿಗ್ರಹ ಪಡೆಯಿಂದ ತೆಗೆದ 248 ಸಿಬ್ಬಂದಿ, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಒಟ್ಟು ಮೂರು ತುಕಡಿ. ಜೂನ್ 13ಕ್ಕೆ ಮಂಗಳೂರಿನಲ್ಲಿ ಉದ್ಘಾಟನೆಯೂ ಆಯಿತು. ಕಮಿಷನರ್, ಎಸ್ಪಿ ಇಬ್ಬರೂ ಬದಲಾದರು. ಇದೆಲ್ಲ ಮೊದಲೇ ಆಗಿದ್ದರೆ ಎಂದು ಕೊಳತ್ತಮಜಲಿನ ಆ ಮನೆಯವರು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ಪೊಲೀಸರ ಸಂಖ್ಯೆಯಷ್ಟೇ ಕೊರತೆ ಎಂದು ನಂಬುವುದೂ ಕಷ್ಟ. ಕುಡುಪುವಿನಲ್ಲಿ ಸತ್ತವನು ಪಾಕಿಸ್ತಾನ ಪರ ಘೋಷಣೆ ಕೂಗಿದ್ದ ಎಂಬ ಮಾತು ಗೃಹ ಸಚಿವರ ಬಾಯಿಂದಲೇ ಬಂದಿತ್ತು, ಆಮೇಲೆ ಅದು ನನ್ನ ಮಾತಲ್ಲ, ಆರೋಪಿಗಳು ಹೇಳಿದ್ದು ಎಂದರು. ಆ ಪ್ರಕರಣದಲ್ಲಿ ಕರ್ತವ್ಯಲೋಪಕ್ಕಾಗಿ ಒಬ್ಬ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಬೇಕಾಯಿತು. ಠಾಣೆಯಲ್ಲಿ ಕೂತವರ ಮನಸ್ಸು ಹಾಗಿದ್ದರೆ ಹೊಸ ಪಡೆಯ ಹೊಸ ಜೀಪುಗಳು ಎಷ್ಟು ದೂರ ಓಡುತ್ತವೆ?

ಹಣದ ಮಾತೂ ಇದೆ. 2023ರ ಡಿಸೆಂಬರ್ 4ರಂದು ಹುಬ್ಬಳ್ಳಿಯ ಮುಸ್ಲಿಂ ಸಮಾವೇಶದಲ್ಲಿ ಮುಖ್ಯಮಂತ್ರಿಗಳು ಅಲ್ಪಸಂಖ್ಯಾತರ ಅನುದಾನವನ್ನು ಅವಧಿ ಮುಗಿಯುವುದರೊಳಗೆ 10,000 ಕೋಟಿ ರೂಪಾಯಿಗೆ ಏರಿಸುತ್ತೇನೆ ಎಂದರು. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಅಲ್ಪಸಂಖ್ಯಾತರ ಕಾಲೊನಿಗಳ ಅಭಿವೃದ್ಧಿಗೆ 1,000 ಕೋಟಿಯ ಕಾರ್ಯಕ್ರಮ ಬಂತು, ಸರಕಾರಿ ಗುತ್ತಿಗೆಯಲ್ಲಿ 2ಬಿ ವರ್ಗಕ್ಕೆ ಶೇ. 4 ಎಂಬ ಮಸೂದೆಯೂ ಬಂತು. ಮಸೂದೆ ಗದ್ದಲದಲ್ಲಿ ಪಾಸಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು. ಅದು ಅಲ್ಲಿ ನಿಲ್ಲುತ್ತದೆ ಎಂದು ಸರಕಾರದಲ್ಲಿ ಯಾರಿಗೂ ಗೊತ್ತಿರಲಿಲ್ಲವೇ?

ಇಂತಹ ಮಾತುಗಳಿಂದ ನಮಗಾಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮಾತು ನೆರವೇರದಿದ್ದರೆ ನಾವು ಇದ್ದಲ್ಲೇ ಇರುತ್ತೇವೆ ಎಂದುಕೊಂಡರೆ ತಪ್ಪು, ಇದ್ದುದಕ್ಕಿಂತ ಕೆಳಗೆ ಹೋಗುತ್ತೇವೆ. ಆ ಬಜೆಟ್‌ಗೆ ಬಿಜೆಪಿ ‘ಹಲಾಲ್ ಬಜೆಟ್’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಕೋಟಿಯ ಮಾತಿಗೆ ವಾರಗಟ್ಟಲೆ ಟಿವಿಯಲ್ಲಿ ಕೂಗಾಟ ನಡೆಯಿತು. ಪಕ್ಕದ ಮನೆಯ ಬಡ ಕೂಲಿಕಾರ ಹಿಂದೂ ಅಣ್ಣ, ಸಾಬ್ರಿಗೆ ಎಲ್ಲ ಕೊಟ್ಟುಬಿಟ್ಟರಂತೆ ಎಂದು ನಂಬಿದ. ನಮ್ಮ ಬೀದಿಯ ಚರಂಡಿ ಹಾಗೇ ಇದೆ. ಕೊಟ್ಟದ್ದು ಅಷ್ಟು, ಬೈಗುಳ ಮಾತ್ರ ಪೂರ್ತಿ. ಮಾಡುವುದಿದ್ದರೆ ಮಾಡಿದ ಮೇಲೆ ಹೇಳಿ. ಮಾಡಲಾಗದಿದ್ದರೆ ದಯವಿಟ್ಟು ವೇದಿಕೆಯಲ್ಲಿ ಹೇಳಲೇಬೇಡಿ.

ಏಕೆ ಹೀಗೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. ಕರಾವಳಿಯ ಎರಡು ಜಿಲ್ಲೆಗಳ 13 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಮಂಗಳೂರು, ಪುತ್ತೂರು ಎರಡೇ. ಉಳಿದ ಕಡೆ ಗೆಲ್ಲಬೇಕಾದರೆ ಬೇರೆಯವರ ಓಟು ಬೇಕು, ಅವರನ್ನು ಬೇಸರಪಡಿಸಬಾರದು. ಬ್ಯಾರಿಗಳ ಓಟು ಹೇಗೂ ನಮ್ಮದೇ, ಅವರು ಬೇರೆಲ್ಲಿಗೆ ಹೋಗುತ್ತಾರೆ? ಇದು ಅವರ ಲೆಕ್ಕ. ಆ ಲೆಕ್ಕವನ್ನು ಅವರಿಗೆ ಕಲಿಸಿಕೊಟ್ಟವರು ನಾವೇ. ಸಚಿವರು ಇಫ್ತಾರ್‌ಗೆ ಬಂದರೆ ಶಾಲು, ಪೇಟ, ಫೋಟೊ. ಖರ್ಜೂರ ಕೈಗಿಟ್ಟು, ನಂಜನಗೂಡಿನ ಮಾತು ಏನಾಯ್ತು ಸರ್ ಎಂದು ಕೇಳಿದವರು ಎಷ್ಟು ಜನ? ಮಾತಿಗೆ ತಪ್ಪುವುದರ ಬಗ್ಗೆ ಹದೀಸ್ ಏನು ಹೇಳುತ್ತದೆ ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ದೊಡ್ಡವರ ಮುಂದೆ ಅದನ್ನು ನೆನಪಿಸುವ ಧೈರ್ಯ ನಮ್ಮ ಕಮಿಟಿಗಳಿಗೆ ಬರುವುದಿಲ್ಲ.

ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗೆ 2025ರ ಹೊತ್ತಿಗೆ ನಾಲ್ಕು ವರ್ಷದಿಂದ ಚುನಾವಣೆ ಇರಲಿಲ್ಲ. ಮಂಗಳೂರು ಪಾಲಿಕೆಯ ಅವಧಿಯೂ 2025ರ ಫೆಬ್ರವರಿಗೆ ಮುಗಿದಿತ್ತು. ಇಂದಲ್ಲ ನಾಳೆ ಚುನಾವಣೆ ಬರುತ್ತದೆ, ಬಿಳಿ ಅಂಗಿಯವರು ಮತ್ತೆ ನಮ್ಮ ಜಗಲಿಗೆ ಬರುತ್ತಾರೆ. ಅವರನ್ನು ಬೈಯುವುದು ಬೇಡ, ಚಹಾ ಕೊಡಿ. ಜಮಾಅತ್‌ನವರು ಅಷ್ಟರೊಳಗೆ ಒಂದು ಮನವಿ ಬರೆದು ಇಡಲಿ. 2022ರ ಫೆಬ್ರವರಿ 5ರ ಆದೇಶದ ಬದಲಿಗೆ ಬರುವ ಹೊಸ ಆದೇಶದ ಸಂಖ್ಯೆ ಎಷ್ಟು, ದಿನಾಂಕ ಯಾವುದು? 2023ರ ಕೋಮು ನಿಗ್ರಹ ದಳ ದಾಖಲಿಸಿದ ಪ್ರಕರಣಗಳು ಎಷ್ಟು? ನಮ್ಮ ವಾರ್ಡಿಗೆ ಕಾಲೊನಿ ಯೋಜನೆಯ ಹಣ ಎಷ್ಟು ಬಿಡುಗಡೆಯಾಗಿದೆ? ಉತ್ತರವನ್ನು ಬಾಯಲ್ಲಿ ತೆಗೆದುಕೊಳ್ಳಬೇಡಿ, ಬರೆಸಿಕೊಳ್ಳಿ. ಬರೆದುಕೊಟ್ಟದ್ದನ್ನು ನಮಗೆ ಕಳಿಸಿ. ಯಾವ ಪಕ್ಷದವರು ಬರೆದದ್ದಾದರೂ ಇದೇ ಪುಟದಲ್ಲಿ ಅಕ್ಷರ ಬದಲಿಸದೆ ಅಚ್ಚು ಹಾಕುತ್ತೇವೆ.