ತವರದ ಬಿಲ್ಲೆ

ಇಂಗ್ಲೆಂಡಿನ ನಾರ್ತ್ ಮಾರ್ಸ್ಟನ್ ಎಂಬ ಹಳ್ಳಿಯಲ್ಲಿ ಜಾನ್ ಷಾರ್ನ್ ಎಂಬ ಪಾದ್ರಿಯಿದ್ದನು. ಅವನು ಪಿಶಾಚಿಯನ್ನು ಬೂಟಿನೊಳಗೆ ಸೆರೆಹಿಡಿದನೆಂದು ಜನರು ನಂಬಿದ್ದರು. 1313ರ ಸುಮಾರಿಗೆ ಅವನು ತೀರಿಕೊಂಡ ಮೇಲೆ, ಚಳಿಜ್ವರ ಕೀಲುನೋವುಗಳಿಂದ ನರಳುವವರು ಅವನ ಹೆಸರಿನ ಬಾವಿಯ ನೀರನ್ನರಸಿ ಬರತೊಡಗಿದರು. ಮರಳುವಾಗ ಸೀಸ ಬೆರೆತ ತವರದ ಅಗ್ಗದ ಬಿಲ್ಲೆಯೊಂದನ್ನು ಕೊಂಡು ಟೋಪಿಗೋ ಅಂಗಿಗೋ ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ಮೇಲೆ ಪಾದ್ರಿ, ಬೂಟು, ಇಣುಕುವ ಪಿಶಾಚಿ!

ಇದನ್ನು ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಆದರೆ ಜ್ವರದಿಂದ ನಡುಗುತ್ತಿದ್ದ ಬಡ ರೈತನಿಗೆ ಬೇರೆ ಯಾರಿದ್ದರು? ಅವನ ಹೆಸರನ್ನು ಯಾವ ಚರಿತ್ರಕಾರನೂ ಬರೆದಿಡಲಿಲ್ಲ. ಆದುದರಿಂದಲೇ ಈ ಬಿಲ್ಲೆಯನ್ನು ರಾಜಮುದ್ರೆಯ ನಾಣ್ಯಕ್ಕಿಂತ ಬೆಲೆಯುಳ್ಳ ದಾಖಲೆಯೆಂದು ನಾನು ಎಣಿಸುತ್ತೇನೆ.

ಷಾರ್ನನನ್ನು ಸಂತನೆಂದು ಚರ್ಚು ಎಂದೂ ಘೋಷಿಸಲಿಲ್ಲ. ಆದರೂ 1478ರಲ್ಲಿ ಪೋಪರ ಅನುಮತಿ ದೊರೆತು, ಅವನ ಅಸ್ಥಿಗಳು ಹಳ್ಳಿಯನ್ನು ಬಿಟ್ಟು ವಿಂಡ್ಸರಿನ ಅರಮನೆಯ ಚರ್ಚನ್ನು ಸೇರಿದವು. ಅವನ ಬಿಲ್ಲೆಗಳು ಲಂಡನ್ನಿನ ಮಣ್ಣಿನಲ್ಲಿ ದೊರೆತಿವೆ.