ಚೀಟಿಯ ಹಿಂದೆ ಹೋದ ನರ್ಸಮ್ಮ

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಜ್ಜಿಯಾದ ಮಕ್ಕಳನ್ನು ಮೇಷ್ಟ್ರು ಮನೆಗೆ ಅಟ್ಟುತ್ತಿದ್ದರು. ವಾಸಿಯಾದ ಮೇಲೆ ಬಾ, ಅಷ್ಟೇ. ಬೆರಳ ಸಂದಿ ಕೆರೆದುಕೊಳ್ಳುತ್ತ ಹೋದ ಹುಡುಗ ಸಂಜೆ ನಮ್ಮ ಜತೆಯೇ ಬುಗುರಿ ಆಡುತ್ತಿದ್ದ. ಅವನ ಕಜ್ಜಿ ನಮಗೂ ಹತ್ತಿತು. ಅವನಿಗೆ ಮಾತ್ರ ಮಗ್ಗಿ ಹತ್ತಲಿಲ್ಲ.

1902ರ ನ್ಯೂಯಾರ್ಕಿನಲ್ಲೂ ನಡೆಯುತ್ತಿದ್ದದ್ದು ಇದೇ. ಲೋವರ್ ಈಸ್ಟ್ ಸೈಡ್ ಎಂಬಲ್ಲಿ ವಲಸೆ ಬಂದವರ ವಠಾರಗಳು. ಶಾಲೆಗೆ ಡಾಕ್ಟರು ಬರುವರು, ಟ್ರಕೋಮ ಕಣ್ಣು, ಹೇನಿನ ತಲೆ, ಹುಳುಕಡ್ಡಿ ಕಂಡರೆ ಮಗುವಿನ ಕೈಗೊಂದು ಚೀಟಿ ಕೊಟ್ಟು ಹೊರಗೆ ಕಳಿಸುವರು. ಚೀಟಿಯಲ್ಲಿ ಏನಿದೆಯೆಂದು ತಾಯಿಗೂ ತಿಳಿಯದು, ಮಗುವಿಗೂ ತಿಳಿಯದು. ಎಷ್ಟೋ ಚೀಟಿಗಳು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು.

ಆ ಕೇರಿಯಲ್ಲೇ ಹೆನ್ರಿ ಸ್ಟ್ರೀಟ್ ಎಂಬ ಸೇವಾಗೃಹ ನಡೆಸುತ್ತಿದ್ದ ಲಿಲಿಯನ್ ವಾಲ್ಡ್ ಎಂಬಾಕೆ ಹನ್ನೆರಡು ವರ್ಷದ ಲೂಯಿ ಎಂಬ ಹುಡುಗನ ಕಥೆ ಬರೆದಿಟ್ಟಿದ್ದಾರೆ. ತಲೆಯ ಚರ್ಮದಲ್ಲಿ ಎಕ್ಸಿಮಾ. ಪ್ರತಿ ಸಲ ಹೋದಾಗಲೂ ವಾಪಸು ಕಳಿಸಿ ಕಳಿಸಿ, ಅವನು ಶಾಲೆಯ ಒಳಗೆ ಕೂತೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮುಲಾಮು, ಅದನ್ನು ಹಚ್ಚುವುದು ಹೇಗೆಂದು ಅಮ್ಮನಿಗೆ ತೋರಿಸಿಕೊಡುವ ಒಂದು ಕೈ.

ನರ್ಸ್ ಒಬ್ಬಳನ್ನು ಒಂದು ತಿಂಗಳು ಕೊಡುತ್ತೇನೆ, ಪ್ರಯೋಗ ಮಾಡಿ ನೋಡಿ ಎಂದು ವಾಲ್ಡ್ ಊರಿನ ಅಧಿಕಾರಿಗಳಿಗೆ ಹೇಳಿದರು. ಅಕ್ಟೋಬರ್ 1ರಂದು ಲೀನಾ ರೋಜರ್ಸ್ ಎಂಬ ಕೆನಡಾದ ನರ್ಸ್ ನಾಲ್ಕು ಶಾಲೆಗಳ ಹೊಣೆ ಹೊತ್ತರು. ಮಕ್ಕಳೇನು ಕಡಿಮೆಯೇ, ಸುಮಾರು ಹತ್ತು ಸಾವಿರ. ಶಾಲೆಯಲ್ಲೇ ತೊಳೆದು, ಔಷಧಿ ಹಚ್ಚಿ, ಮಗುವನ್ನು ಮತ್ತೆ ಕ್ಲಾಸಿಗೆ ಕಳಿಸುವುದು ಅವರ ಅರ್ಧ ಕೆಲಸ. ಉಳಿದರ್ಧ ಶಾಲೆ ಬಿಟ್ಟ ಮೇಲೆ: ವಠಾರದ ಮೆಟ್ಟಿಲು ಹತ್ತಿ, ಬಾಗಿಲು ಬಡಿದು, ಅಮ್ಮಂದಿರ ಎದುರು ಕೂತು ಹೇನು ತೆಗೆಯುವುದನ್ನು, ಕಣ್ಣು ತೊಳೆಯುವುದನ್ನು ಮಾಡಿ ತೋರಿಸುವುದು. ನನ್ನ ಮಟ್ಟಿಗೆ ಈ ಅರ್ಧವೇ ದೊಡ್ಡದು. ಕಾಯಿಲೆ ಇದ್ದದ್ದು ಶಾಲೆಯಲ್ಲಲ್ಲ, ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಸಂಸಾರದಲ್ಲಿ.

1902ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಶಾಲೆಗಳಿಂದ ಹೊರಗೆ ಕಳಿಸಿದ ಮಕ್ಕಳು 10,567. ಮರುವರ್ಷ ಅದೇ ತಿಂಗಳು 1,101. ಅಷ್ಟರಲ್ಲಿ ನಗರವೇ ಇನ್ನಷ್ಟು ನರ್ಸುಗಳನ್ನು ನೇಮಿಸಿಕೊಂಡಿತ್ತು. ರೋಜರ್ಸ್ ಮುಂದೆ ಟೊರಾಂಟೊಗೆ ಹೋಗಿ ಅಲ್ಲೂ ಇದೇ ಕೆಲಸ ಕಟ್ಟಿದರು, 1917ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ತಂಡ ಬರಬೇಕು, ತಪಾಸಣೆ ಮಾಡಿ ಚೀಟಿ ಬರೆಯಬೇಕು. ಒಳ್ಳೆಯದೇ. ಚೀಟಿ ಹಿಡಿದು ಮನೆವರೆಗೆ ಹೋಗುವವರು ಯಾರು ಎಂಬಲ್ಲಿ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನನಗೆ ಪರಿಚಯದ ಟೀಚರ್ ಒಬ್ಬರಿದ್ದಾರೆ, ಶಾಲೆ ಬಿಟ್ಟ ಮೇಲೆ ಸ್ಕೂಟಿಯಲ್ಲಿ ಎರಡು ಮೂರು ಮನೆ ಸುತ್ತುತ್ತಾರೆ. ಸಂಜೆ ಅವರು ಮನೆ ಮುಟ್ಟುವ ಹೊತ್ತಿಗೆ ಏಳನೇ ಕ್ಲಾಸಿನ ಮಗ ತಾನೇ ಅನ್ನಕ್ಕಿಟ್ಟಿರುತ್ತಾನೆ.