ರಸ್ತೆ ಊರಿನದು, ನಷ್ಟ ಮಾತ್ರ ಅಂಗಡಿಯವನದೇ?

ರೋಣ ತಾಲೂಕಿನ ಜಕ್ಕಲಿಯು ಕರ್ನಾಟಕ ಏಕೀಕರಣದ ನೇತಾರ ಅಂದಾನಪ್ಪ ದೊಡ್ಡಮೇಟಿಯವರ ಊರು. ಅಲ್ಲಿಂದ ಹುಬ್ಬಳ್ಳಿ ದೂರದ ನಗರವೆನಿಸಬಹುದು. ಆದರೆ ಜಕ್ಕಲಿ, ನರೇಗಲ್ಲ, ರೋಣ, ಗಜೇಂದ್ರಗಡದಂಥ ಊರುಗಳ ಚಿಲ್ಲರೆ ವ್ಯಾಪಾರಿಗೆ ಬಟ್ಟೆ, ಬಳೆ, ಪಾತ್ರೆ, ಯಂತ್ರದ ಬಿಡಿಭಾಗಗಳ ಸಗಟು ಪೇಟೆಯೆಂದರೆ ಹುಬ್ಬಳ್ಳಿಯೇ. 2025ರ ಏಪ್ರಿಲ್‌ನಲ್ಲಿ ಮೇಲ್ಸೇತುವೆಯ ಕಾಮಗಾರಿಗಾಗಿ ಕಿತ್ತೂರು ಚೆನ್ನಮ್ಮ ವೃತ್ತದ ಸುತ್ತಲಿನ ರಸ್ತೆಗಳನ್ನು ನಾಲ್ಕು ತಿಂಗಳ ಕಾಲ ಮುಚ್ಚಲಾಗುವುದೆಂದು ಪ್ರಕಟವಾದಾಗ, ಹಳೆ ಬಸ್ ನಿಲ್ದಾಣದ ಬಸ್ಸುಗಳು ಬೇರೆಡೆಗೆ ತಿರುಗಿದಾಗ, ಅದರ ಬಿಸಿ ಆ ವೃತ್ತಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ.

ಮೇಲ್ಸೇತುವೆ ಬೇಡವೆಂದು ಯಾರೂ ಹೇಳಲಾರರು. ಆ ವೃತ್ತದ ದಟ್ಟಣೆಯಲ್ಲಿ ಸಿಲುಕಿದವರಿಗೆಲ್ಲ ಅದರ ಅಗತ್ಯ ಗೊತ್ತು. ಪ್ರಶ್ನೆ ಬೇರೆಯೇ ಇದೆ. ಸಾರ್ವಜನಿಕರೆಲ್ಲರಿಗಾಗಿ ಕಟ್ಟುವ ರಸ್ತೆಯ ವೆಚ್ಚದಲ್ಲಿ ಒಂದು ದೊಡ್ಡ ಪಾಲನ್ನು ಆ ಬೀದಿಯಲ್ಲಿ ಬದುಕುವವರ ಜೇಬಿನಿಂದ ತೆಗೆಯಲಾಗುತ್ತಿದೆ, ಮತ್ತು ಅದು ಯಾವ ಅಂದಾಜು ಪಟ್ಟಿಯಲ್ಲೂ ಕಾಣಿಸುತ್ತಿಲ್ಲ. ಇದು ನ್ಯಾಯವೇ?

ಲೆಕ್ಕಕ್ಕಾಗಿ ಒಬ್ಬ ಸಾಧಾರಣ ಅಂಗಡಿಕಾರನನ್ನು ಊಹಿಸಿಕೊಳ್ಳೋಣ. ದಿನಕ್ಕೆ 8,000 ರೂ. ವ್ಯಾಪಾರ, ನೂರಕ್ಕೆ ಹದಿನೈದರಂತೆ 1,200 ರೂ. ಲಾಭ, ತಿಂಗಳಿಗೆ 36,000 ರೂ. ಅದರಲ್ಲಿ ಬಾಡಿಗೆಗೆ 8,000, ಕೆಲಸದ ಹುಡುಗನಿಗೆ 9,000, ವಿದ್ಯುತ್ತು ಮತ್ತು ಸಾಲದ ಕಂತಿಗೆ 5,000 ರೂ. ಹೋಗಿ ಮನೆಗೆ ಉಳಿಯುವುದು 14,000 ರೂ. ರಸ್ತೆ ಅಗೆದು ವ್ಯಾಪಾರ ಅರ್ಧಕ್ಕಿಳಿದರೆ ಲಾಭ 18,000ಕ್ಕೆ ಕುಸಿಯುತ್ತದೆ. ಆದರೆ 22,000ದ ಖರ್ಚು ಹಾಗೆಯೇ ನಿಂತಿರುತ್ತದೆ. ಅಂದರೆ ಮನೆಗೆ ಬಿಡಿಗಾಸೂ ಬಾರದು; ಮೇಲೆ ತಿಂಗಳಿಗೆ 4,000 ರೂ. ಕೈಸಾಲ. ನಾಲ್ಕು ತಿಂಗಳಲ್ಲಿ ಆತ ಕಳೆದುಕೊಂಡದ್ದು 72,000 ರೂ. ವ್ಯಾಪಾರ ಅರ್ಧವಾದರೆ ಬದುಕೂ ಅರ್ಧವಾಗುತ್ತದೆಂದು ಭಾವಿಸುವ ಅಧಿಕಾರಿಗಳು ಈ ಲೆಕ್ಕವನ್ನೊಮ್ಮೆ ನೋಡಬೇಕು. ಅರ್ಧವಾಗುವುದಿಲ್ಲ, ಶೂನ್ಯಕ್ಕಿಂತಲೂ ಕೆಳಗಿಳಿಯುತ್ತದೆ. ಮೊದಲು ಕೆಲಸ ಕಳೆದುಕೊಳ್ಳುವವನು ಆ ಹುಡುಗ. ಅನಂತರ ಮಗಳ ಕಾಲೇಜು ಶುಲ್ಕ.

ನಿವಾಸಿಗಳ ಕಷ್ಟವಂತೂ ಹಣದಲ್ಲಿ ಅಳೆಯಲಾಗದ್ದು. ಧೂಳು, ಒಡೆದ ನೀರಿನ ಕೊಳವೆ, ಆಂಬುಲೆನ್ಸ್ ಬಾರದ ಓಣಿ, ಗುಂಡಿಯಂಚಿನಲ್ಲಿ ಶಾಲೆಗೆ ನಡೆಯುವ ಮಕ್ಕಳು. ಹುಬ್ಬಳ್ಳಿಯ ಇದೇ ಮೇಲ್ಸೇತುವೆಯ ಕಾಮಗಾರಿ ಸ್ಥಳದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕಬ್ಬಿಣದ ಸಲಾಕೆಯೊಂದು ಮೇಲಿನಿಂದ ಬಿದ್ದು ಪೊಲೀಸ್ ಇಲಾಖೆಯ ಎಎಸ್‌ಐ ಒಬ್ಬರು ಪ್ರಾಣ ಕಳೆದುಕೊಂಡರು. ಕೆಳಗೆ ಜನ ಓಡಾಡುತ್ತಾರೆಂಬ ಎಚ್ಚರವಿಲ್ಲದ ಕಡೆ ಅಂಗಡಿಯವನ ನಷ್ಟದ ಬಗ್ಗೆ ಎಚ್ಚರವಿರಬೇಕೆಂದು ನಿರೀಕ್ಷಿಸುವುದಾದರೂ ಹೇಗೆ?

ಕಾನೂನು ಏನನ್ನುತ್ತದೆ? 2013ರ ಭೂಸ್ವಾಧೀನ ಕಾಯ್ದೆಯು ಜಮೀನು ಕಳೆದುಕೊಂಡ ಮಾಲೀಕನನ್ನು ಮಾತ್ರವಲ್ಲ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ದುಡಿದು ಜೀವನೋಪಾಯ ಕಂಡುಕೊಂಡಿದ್ದ ಬಾಡಿಗೆದಾರ ಮತ್ತು ಕುಶಲಕರ್ಮಿಯನ್ನೂ ಸಂತ್ರಸ್ತ ಕುಟುಂಬವೆಂದು ಗುರುತಿಸುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ 30 ದಿನಗಳ ನೋಟಿಸ್ ನೀಡದೆ ಯಾವ ಬೀದಿ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಎರಡೂ ಒಳ್ಳೆಯ ಕಾಯ್ದೆಗಳೇ. ಆದರೆ ಇವೆರಡರ ನಡುವೆ ಒಬ್ಬ ಮನುಷ್ಯ ಜಾರಿಬೀಳುತ್ತಾನೆ. ಅವನ ಅಂಗಡಿಯ ಒಂದಂಗುಲ ಜಾಗವನ್ನೂ ಯಾರೂ ಸ್ವಾಧೀನಪಡಿಸಿಕೊಂಡಿಲ್ಲ, ಅವನನ್ನು ಯಾರೂ ಎಬ್ಬಿಸಿಲ್ಲ. ಅಂಗಡಿ ಅಲ್ಲೇ ಇದೆ. ಗಿರಾಕಿಯ ದಾರಿ ಮಾತ್ರ ಇಲ್ಲ. ಅಂಗಡಿಯ ಮುಂದಿನ ದಾರಿ ಮುಚ್ಚಿದರೂ ನೆಲಕ್ಕೆ ಕೈಹಾಕದಿದ್ದರೆ ಪರಿಹಾರ ಕೇಳಲು ಅವನಿಗೆ ಈ ಎರಡು ಕಾಯ್ದೆಗಳಲ್ಲಿ ಬಾಗಿಲಿಲ್ಲ.

ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಯೋಜನೆಯ ಅನುಭವ ನಮ್ಮ ಮುಂದಿದೆ. ಸುಮಾರು 22 ಕಿಲೋಮೀಟರ್ ಉದ್ದದ ಈ ಮಾರ್ಗ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಳ್ಳುವ ಮೊದಲು ಅದರ ಇಕ್ಕೆಲದ ಜನ ವರ್ಷಗಟ್ಟಲೆ ಧೂಳು ಕುಡಿದರು. ರಸ್ತೆ ವಿಸ್ತರಣೆಯ ಹೆಸರಿನಲ್ಲಿ ಭೈರಿದೇವರಕೊಪ್ಪದ ದರ್ಗಾ 2022ರ ಡಿಸೆಂಬರ್‌ನಲ್ಲಿ ತೆರವಾಯಿತು. ಆ ಮಾರ್ಗದಲ್ಲಿ ದೇವಾಲಯಗಳೂ ತೆರವಾಗಿದ್ದವು. ದರ್ಗಾದ ವಿಚಾರ ಬಂದಾಗ ಸಮುದಾಯ ಎಚ್ಚೆತ್ತಿತು, ಮನವಿಗಳು ಹೋದವು, ನ್ಯಾಯಾಲಯದ ಮೆಟ್ಟಿಲೂ ಏರಲಾಯಿತು. ಅದು ಸಹಜ, ಅದನ್ನು ಇಲ್ಲಿ ಹಳಿಯುತ್ತಿಲ್ಲ. ಆದರೆ ಅದೇ ರಸ್ತೆಯ ಬದಿಯ ಪಂಕ್ಚರ್ ಅಂಗಡಿ, ಹೊಲಿಗೆ ಅಂಗಡಿ, ಚಹಾದಂಗಡಿಗಳ ಬಾಡಿಗೆ ಬಾಕಿಯ ಬಗ್ಗೆ ನಮ್ಮ ಎಷ್ಟು ಸಂಘಟನೆಗಳು ಒಂದು ಮನವಿ ಪತ್ರವನ್ನಾದರೂ ಬರೆದವು?

ಪರಿಹಾರ ಅಸಾಧ್ಯವೇನಲ್ಲ. ಫ್ರಾನ್ಸಿನ ನಗರಗಳಲ್ಲಿ ಟ್ರಾಮ್ ಮಾರ್ಗ ಹಾಕುವಾಗ ಸೌಹಾರ್ದ ಪರಿಹಾರ ಆಯೋಗಗಳನ್ನು ರಚಿಸುವ ಪದ್ಧತಿಯಿದೆ. ವ್ಯಾಪಾರಿಯ ಹಿಂದಿನ ವರ್ಷಗಳ ಲೆಕ್ಕವನ್ನು ಕಾಮಗಾರಿ ಅವಧಿಯ ಲೆಕ್ಕದೊಡನೆ ಹೋಲಿಸಿ ನಷ್ಟ ನಿರ್ಧರಿಸಲಾಗುತ್ತದೆ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 2014ರಲ್ಲಿ ಆರಂಭವಾದ ಲಘು ರೈಲು ಮಾರ್ಗವು ವಲಸಿಗರ ಸಣ್ಣ ಅಂಗಡಿಗಳೇ ತುಂಬಿದ್ದ ಬೀದಿಯಲ್ಲಿ ಹಾದುಹೋಯಿತು. ಅಲ್ಲಿನ ಸಣ್ಣ ಅಂಗಡಿಗಳಿಗೆ 20,000 ಡಾಲರ್‌ವರೆಗೆ ಸಾಲ ನೀಡಿ, ಅದೇ ಸ್ಥಳದಲ್ಲಿ ವ್ಯಾಪಾರ ಮುಂದುವರಿಸಿದವರಿಗೆ ಅದನ್ನು ಮನ್ನಾ ಮಾಡುವ ಯೋಜನೆ ರೂಪಿಸಲಾಯಿತು.

ನಮ್ಮಲ್ಲಿ ಸಣ್ಣ ವ್ಯಾಪಾರಿಗಳ ಬಳಿ ಲೆಕ್ಕಪತ್ರವಿಲ್ಲ, ನಷ್ಟವನ್ನು ಹೇಗೆ ನಿರ್ಧರಿಸುವುದು ಎಂಬ ನೆಪ ಈಗ ನಡೆಯದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದ್ದು ಅವರ ಯುಪಿಐ ವಹಿವಾಟಿನ ದಾಖಲೆಗಳನ್ನು ಆಧರಿಸಿಯೇ. ಬೇಕರಿಯವನ, ಹಣ್ಣಿನವನ ವಾರ್ಷಿಕ ವಹಿವಾಟು ತೆರಿಗೆ ಕೇಳಲು ಸರಕಾರಕ್ಕೆ ಗೊತ್ತಿರುತ್ತದೆಂದಾದರೆ, ಅವನ ಮುಂದಿನ ರಸ್ತೆ ಅಗೆದಾಗ ಅದೇ ವಹಿವಾಟು ಎಷ್ಟು ಕುಸಿಯಿತೆಂಬುದು ಗೊತ್ತಾಗದೇ?

ಇನ್ನು ಅಗೆತದ ರೀತಿ. ಮೊದಲು ಒಳಚರಂಡಿ, ಆರು ತಿಂಗಳಿಗೆ ನೀರಿನ ಕೊಳವೆ, ಮರುವರ್ಷ ಕೇಬಲ್: ಒಂದೇ ಬೀದಿಯ ಹೊಟ್ಟೆಯನ್ನು ಎಷ್ಟು ಸಲ ಸೀಳುವುದು? ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಎಲ್ಲ ಕೊಳವೆ, ತಂತಿಗಳಿಗೂ ಪಾದಚಾರಿ ಮಾರ್ಗದ ಕೆಳಗೆ ಒಮ್ಮೆಗೇ ಜಾಗ ಮಾಡಿಡುವ ಕ್ರಮ ಅನುಸರಿಸಲಾಯಿತು. ಖರ್ಚು ಹೆಚ್ಚೆಂದು ಅದನ್ನು ಟೀಕಿಸಿದವರಿದ್ದಾರೆ. ಆದರೆ ಮೂರು ಸಲ ಅಗೆದಾಗ ಬೀದಿಯವರು ತೆರುವ ನಷ್ಟವನ್ನು ಆ ಟೀಕಾಕಾರರು ಎಂದೂ ಕೂಡಿಸಿ ನೋಡಿದಂತಿಲ್ಲ. ಸಣ್ಣ ಪಟ್ಟಣಗಳಿಗೆ ಅಷ್ಟು ವೆಚ್ಚ ಸಾಧ್ಯವಾಗದಿರಬಹುದು. ಇಡೀ ಬೀದಿಯನ್ನು ಏಕಕಾಲಕ್ಕೆ ಕೆಡವದೆ ತುಂಡುತುಂಡಾಗಿ ಮುಗಿಸುವುದಕ್ಕೆ, ಪ್ರತಿ ಅಂಗಡಿಯ ಬಾಗಿಲಿಗೊಂದು ಹಲಗೆ ಹಾಕಿಸುವುದಕ್ಕೆ, ರಮಝಾನಿನ ಕೊನೆಯ ವಾರಗಳಲ್ಲೂ ದೀಪಾವಳಿಯ ಮುಂಚೆಯೂ ಕೆಲಸ ನಿಲ್ಲಿಸಿ ದಾರಿ ಬಿಡುವುದಕ್ಕೆ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ವಿವೇಕ.

ಖಲೀಫಾ ಉಮರ್‌ರ ಕಾಲದ ಒಂದು ಪ್ರಸಂಗವನ್ನು ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಮದೀನಾದ ಮಸೀದಿಯ ವಿಸ್ತರಣೆಗೆ ಅಬ್ಬಾಸ್‌ರ ಮನೆ ಬೇಕಾಯಿತು. ಅವರು ಒಪ್ಪಲಿಲ್ಲ. ವಿವಾದ ಉಬಯ್ಯ್ ಇಬ್ನ್ ಕಅಬ್‌ರ ಮುಂದೆ ಹೋಯಿತು. ತೀರ್ಪು ಖಲೀಫರ ವಿರುದ್ಧ ಬಂತು, ಖಲೀಫರು ತಲೆಬಾಗಿದರು. ಆಮೇಲೆ ಅಬ್ಬಾಸ್ ತಾವಾಗಿಯೇ ಮನೆಯನ್ನು ಬಿಟ್ಟುಕೊಟ್ಟರು. ಕಾರ್ಯ ಎಷ್ಟೇ ಪವಿತ್ರವಾಗಿರಲಿ, ಅದರ ಭಾರವನ್ನು ಒಬ್ಬನ ಹೆಗಲಿಗೆ ಬಲವಂತವಾಗಿ ಹೊರಿಸುವ ಹಕ್ಕು ಆಳುವವನಿಗಿಲ್ಲವೆಂದಾಯಿತು.

ಆದರೆ ಈ ಪ್ರಸಂಗವನ್ನು ಸರಕಾರಕ್ಕೆ ಮಾತ್ರ ನೆನಪಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಪಟ್ಟಣಗಳ ಪೇಟೆಬೀದಿಗಳಲ್ಲಿ ಅನೇಕ ಮಳಿಗೆಗಳ ಮಾಲೀಕರು ಯಾರು? ಒಂದೋ ಪುರಸಭೆ, ಇಲ್ಲವೇ ಮಸೀದಿ ಜಮಾಅತ್ ಮತ್ತು ವಕ್ಫ್ ಸಂಸ್ಥೆಗಳು. ಫಿಕ್ಹ್ ಗ್ರಂಥಗಳ ಇಜಾರಾ ಅಧ್ಯಾಯವನ್ನು ಓದಿದವರಿಗೆ ಗೊತ್ತು, ಬಾಡಿಗೆಯೆಂಬುದು ಗೋಡೆಗಳ ಬೆಲೆಯಲ್ಲ, ಉಪಯೋಗದ ಬೆಲೆ. ಉಪಯೋಗ ಕುಂದಿದಾಗ ಬಾಡಿಗೆಯೂ ಕುಂದಬೇಕೆಂಬುದು ಅಲ್ಲಿನ ತರ್ಕ. ರಸ್ತೆ ಅಗೆದ ತಿಂಗಳುಗಳಲ್ಲೂ ಜಮಾಅತಿನ ಮುತವಲ್ಲಿ ಪೂರ್ತಿ ಬಾಡಿಗೆಗೆ ಚೀಟಿ ಕಳುಹಿಸಿದರೆ, ಪುರಸಭೆಯ ಮುಖ್ಯಾಧಿಕಾರಿಯಿಂದ ರಿಯಾಯಿತಿ ಕೇಳಲು ನಮಗೆ ಯಾವ ಮುಖವಿದೆ? ಕಾಮಗಾರಿ ಅವಧಿಗೆ ಅರ್ಧ ಬಾಡಿಗೆ, ಉಳಿದರ್ಧಕ್ಕೆ ಕಂತು. ಬೀದಿಯಲ್ಲಿ ಅತಿ ಬಡವನಾದವನಿಗೆ ಬಡ್ಡಿರಹಿತ ಸಾಲ. ಇದಕ್ಕೆ ಯಾವ ಸರಕಾರಿ ಆದೇಶವೂ ಬೇಕಿಲ್ಲ. ಮುಂದಿನ ಶುಕ್ರವಾರದ ನಮಾಝಿನ ಬಳಿಕ ಆಡಳಿತ ಸಮಿತಿ ಕೂತು ತೀರ್ಮಾನಿಸಬಹುದು. ಗಿರಾಕಿಗಳಾದ ನಾವೂ ಅಷ್ಟೇ: ಕೆಸರಿದೆಯೆಂದು ಆ ಬೀದಿಯನ್ನು ಬಿಟ್ಟು ಹೊಸ ಮಾಲ್‌ಗೆ ಹೋಗುವ ಕುಟುಂಬ, ಹಬ್ಬದ ಬಟ್ಟೆಯನ್ನಾದರೂ ಹಳೆಯ ಅಂಗಡಿಯಲ್ಲೇ ಕೊಳ್ಳಬಹುದಲ್ಲ.

ಹಾಗೆ ಮಾಡಿದ ಮೇಲೆ ಪುರಸಭೆಯ ಬಾಗಿಲು ತಟ್ಟಬೇಕು. ಪುರಸಭೆಯ ಮಳಿಗೆಗಳಿಗೂ ಅದೇ ರಿಯಾಯಿತಿ, ಕಾಮಗಾರಿ ಮುಗಿಯುವ ದಿನಾಂಕವನ್ನು ಬೀದಿಯ ಎರಡು ತುದಿಗಳಲ್ಲಿ ಫಲಕದಲ್ಲಿ ಬರೆಸುವುದು, ಗಡುವು ಮೀರಿದ ಪ್ರತಿ ವಾರಕ್ಕೆ ಗುತ್ತಿಗೆದಾರನಿಂದ ವಸೂಲಾಗುವ ದಂಡವು ಖಜಾನೆಗೆ ಹೋಗದೆ ಆ ಬೀದಿಯ ವ್ಯಾಪಾರಿಗಳಿಗೆ ಹಂಚಿಕೆಯಾಗುವುದು. ಈ ಷರತ್ತುಗಳನ್ನು ಟೆಂಡರ್ ಕರೆಯುವ ಮುಂಚೆಯೇ ಬರೆಸಿಕೊಳ್ಳಬೇಕು. ಗುದ್ದಲಿ ಪೂಜೆಯ ಹಾರ ಬಿದ್ದ ಮೇಲೆ ಶಾಸಕರ ಮನೆ ಮುಂದೆ ನಿಂತರೆ ಸಿಗುವುದು ಆಶ್ವಾಸನೆ ಮಾತ್ರ.